ಬಜ್ಪೆಗೆ ವಾಪಸ್ ಬಂದ ಡಕೋಟಾ

ನಾನು ಮಾಡುವ ಕೆಲಸ ಎಂಥದ್ದು ಎಂದು ಕೇಳಿದವರಿಗೆ ನಿಜ ಹೇಳಿದರೆ, ಇವಳಿಗೆ ಮಂಡೆ ಸಮ ಇಲ್ಲ ಎನ್ನುವ ಹಾಗೆ ನೋಡುತ್ತಾರೆ. ಹಳೆಯ ಕಾಲದ ಕತೆಗಳನ್ನು ಟಿವಿಗೆ ತೆಗೆಯುವವರಿಗೆ ಆ ಕಾಲದ ವಾಹನಗಳನ್ನು ಹುಡುಕಿ ಕೊಡುತ್ತೇನೆ. ಮೂತಿ ಮುಂದೆ ಚಾಚಿದ ಬಸ್ಸು, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಲಾರಿ, ಬಂದರಿನ ಮರದ ಮಚ್ವೆ ದೋಣಿ, ಹೀಗೆ ಶುರುವಾದದ್ದು ಒಂದು ದಿನ ವಿಮಾನಕ್ಕೆ ಬಂದು ನಿಂತಿತು. ಅದೂ ಹಾರುವ ವಿಮಾನ. ಎರಡು ರೆಕ್ಕೆಗೆ ಎರಡು ಫ್ಯಾನು, ನೆಲಕ್ಕಿಳಿದರೆ ಬಾಲ ತಗ್ಗಿಸಿ ಕೂರುವ ಡಕೋಟಾ. ಅರವತ್ತು ದಾಟಿದ ಹೆಂಗಸಿಗೆ ಇದೆಲ್ಲ ಬೇಕಿತ್ತಾ ಎಂದು ನೀವು ಕೇಳಬಹುದು. ಬೇಕಿತ್ತು.

ಇದಕ್ಕೂ ಮೊದಲು ನಾನು ಹಂಪನಕಟ್ಟೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದವಳು. ದುಬೈ, ಮಸ್ಕತ್, ಬಹರೈನ್ ಎಂದು ಊರ ಮಕ್ಕಳನ್ನೆಲ್ಲ ವಿಮಾನ ಹತ್ತಿಸಿದ ಕೈ ಇದು. ಆಮೇಲೆ ಜನರು ಮೊಬೈಲಿನಲ್ಲಿ ತಾವೇ ಟಿಕೆಟ್ ಮಾಡಿಕೊಳ್ಳಲು ಕಲಿತರು, ನಮ್ಮ ಆಫೀಸು ಲಗಾಡಿ ಹೋಯಿತು. ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ವಿಮಾನದ ಕಡೆಯವರ ಪರಿಚಯ ಇತ್ತು, ಬಾಯಿ ಜೋರಿತ್ತು, ಇಲ್ಲ ಎಂದವರನ್ನು ಹೌದು ಅನ್ನಿಸುವವರೆಗೆ ಬಿಡದ ಚಟವೂ ಇತ್ತು. ಅದರಲ್ಲೇ ಹೊಟ್ಟೆಪಾಡು ನಡೆಯಿತು.

ವಿಮಾನ ಬೇಕೆಂದು ಫೋನು ಮಾಡಿದ್ದು ಬೆಂಗಳೂರಿನ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್. ಅರವತ್ತರ ದಶಕದಲ್ಲಿ ನಮ್ಮ ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹೋಟೆಲು ಕಟ್ಟಿದವನ ಕತೆಯನ್ನು ಅವರು ಧಾರಾವಾಹಿ ಮಾಡುತ್ತಿದ್ದರು.

"ಮೇಡಂ, ಮ್ಯೂಸಿಯಂನಲ್ಲಿ ನಿಂತಿರೋದು ಬೇಡ. ಹಾರೋದೇ ಬೇಕು. ಡೈರೆಕ್ಟ್ರು ಹಟ ಹಿಡಿದಿದಾರೆ. ಆ ಫ್ಯಾನಿನ ಗಾಳಿಗೆ ಹೆಂಗಸರ ಸೀರೆ ಹಾರೋದು ಕಂಪ್ಯೂಟರಲ್ಲಿ ಬರಲ್ವಂತೆ," ಎಂದರು.

ಆ ಡೈರೆಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ಆ ಒಂದು ಮಾತಿಗೆ ಅವರ ಮೇಲೆ ಗೌರವ ಬಂತು.

ಹಾರುವ ಡಕೋಟಾ ಹುಡುಕುವುದು ಎಂಥ ಚೊರೆ, ಎಂಥ ತಲೆನೋವು ಎಂದು ಹೇಳಿದರೆ ಮುಗಿಯುವುದಿಲ್ಲ. ಲೋಕದಲ್ಲಿ ಡಕೋಟಾಗಳು ಬೇಕಾದಷ್ಟು ಉಳಿದಿವೆ, ಆದರೆ ಹೆಚ್ಚಿನವು ನಿಂತಲ್ಲೇ ನಿಂತಿವೆ. ಕೆಲವು ಮ್ಯೂಸಿಯಮ್ಮಿನ ಅಂಗಳದಲ್ಲಿ, ಕೆಲವು ಮಕ್ಕಳ ಪಾರ್ಕಿನಲ್ಲಿ, ಒಂದರ ಹೊಟ್ಟೆಯೊಳಗೆ ಕಾಫಿ ಹೋಟೆಲು. ಮಾರುವವರು, ಬಾಡಿಗೆಗೆ ಕೊಡುವವರು ಎಲ್ಲರೂ ಬಣ್ಣ ಬಳಿದ ಫೋಟೋ ಕಳುಹಿಸಿ, ನಾಳೆಯೇ ಹಾರಿಸಿಕೊಂಡು ಬರುತ್ತೇವೆ ಎಂದು ಬಂಡಲ್ ಬಿಡುವವರೇ. ನಾನು ಫೋಟೋದಲ್ಲಿ ವಿಮಾನವನ್ನು ನೋಡುತ್ತಿರಲಿಲ್ಲ, ಚಕ್ರದ ಬುಡವನ್ನು ನೋಡುತ್ತಿದ್ದೆ. ಆಫ್ರಿಕಾದ ಒಬ್ಬ ಮಾಲಕನ ಫೋಟೋದಲ್ಲಿ ವಿಮಾನ ಮದುಮಗಳ ಹಾಗೆ ಹೊಳೆಯುತ್ತಿತ್ತು, ಚಕ್ರದ ಸುತ್ತ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಮಳೆಗಾಲದಿಂದ ಮಳೆಗಾಲಕ್ಕೆ ಅಲುಗಾಡದ ವಿಮಾನ ಅದು. ಅವನಿಗೆ ಮುಲಾಜಿಲ್ಲದೆ ಹೇಳಿ ಫೋನು ಇಟ್ಟೆ.

ಇನ್ನೊಂದು ಕ್ರಮವೂ ನನಗಿತ್ತು. ಬೆಳಗ್ಗೆ ಅವರು ಕಾಫಿ ಕುಡಿಯುವ ಹೊತ್ತಿಗೆ ಹೇಳದೆ ಕೇಳದೆ ಫೋನು ಮಾಡಿ, "ಈಗಲೇ ಸ್ಟಾರ್ಟ್ ಮಾಡಿ, ನಾನು ಲೈನಿನಲ್ಲಿ ಇರುತ್ತೇನೆ," ಎನ್ನುವುದು. ತಣ್ಣಗಿರುವ ಇಂಜಿನು ಹೊತ್ತಿಕೊಂಡರೆ ಅದು ಬದುಕಿದೆ ಎಂದು ಅರ್ಥ. ಬ್ಯಾಟರಿ ಇಳಿದಿದೆ, ಮೆಕ್ಯಾನಿಕ್ ರಜೆ, ಮಳೆ ಬರುತ್ತಿದೆ ಎಂದು ಸಬೂಬು ಶುರುವಾದರೆ ನನ್ನ ದಾರಿ ನನಗೆ. ಹೀಗೆ ಹುಡುಕಿ ಹುಡುಕಿ ಕೊನೆಗೆ ಯುರೋಪಿನ ಒಂದು ಸಣ್ಣ ವಿಮಾನ ಮೈದಾನದಲ್ಲಿ ಒಬ್ಬ ಮುದುಕ ಪೈಲಟ್ ಸಿಕ್ಕಿದರು. ವಿಮಾನ ಅವರದ್ದೇ. ಎಣ್ಣೆ ಸೋರುತ್ತದೆಯಾ ಎಂದು ಕೇಳಿದೆ. "ಸೋರುತ್ತದೆ. ಸೋರುವುದು ನಿಂತ ದಿನ ನನಗೆ ಫೋನು ಮಾಡಿ, ಎಣ್ಣೆ ಮುಗಿದಿದೆ ಎಂದು ಅರ್ಥ," ಎಂದು ನಕ್ಕರು. ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ನನಗೆ ಅಲ್ಲಿಗೇ ಗೊತ್ತಾಯಿತು.

ಮರುದಿನ ಅವರು ಫೋನನ್ನು ರೆಕ್ಕೆಯ ಹತ್ತಿರ ಯಾರದ್ದೋ ಕೈಗೆ ಕೊಟ್ಟು ಒಳಗೆ ಹತ್ತಿದರು. ಇಲ್ಲಿ ನಾನು ಶಕ್ತಿನಗರದ ನಮ್ಮ ಫ್ಲ್ಯಾಟಿನಲ್ಲಿ ಸ್ಪೀಕರ್ ಹಾಕಿ ಕೂತೆ. ಅಮ್ಮ ಒಳಗೆ ಬಸಳೆ ಬಿಡಿಸುತ್ತಿದ್ದರು. ಮೊದಲು ಇಂಜಿನಿನ ಒಂದು ಕೆಮ್ಮು. ಮತ್ತೆ ಸುಮ್ಮನಾಯಿತು. ಇನ್ನೊಂದು ಕೆಮ್ಮು, ಎರಡು ಸಲ ಢಬ್ ಢಬ್ ಎಂದಿತು, ಆಮೇಲೆ ಒಂದೇ ಸಮನೆ ಗುಡುಗಿನಂಥ ಶಬ್ದ ಹಿಡಿದುಕೊಂಡಿತು. ನನ್ನ ಸಣ್ಣ ಫೋನು ಟೀಪಾಯಿಯ ಮೇಲೆ ನಡುಗುತ್ತಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ. ಕೈಯಲ್ಲಿ ಬಸಳೆಯ ದಂಟು ಹಾಗೆಯೇ ಇತ್ತು. ಅದು ಎಂತ ಶಬ್ದ ಎಂದು ಅವರು ಕೇಳಲಿಲ್ಲ.

"ಅದು ಎಲ್ಲಿ ಉಂಟು?" ಎಂದು ಕೇಳಿದರು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಹೇಳಲು ಹೆಚ್ಚೇನೂ ಇಲ್ಲ, ಅದೇ ನನ್ನ ಸಿಟ್ಟು. ನನಗೆ ನಾಲ್ಕೋ ಐದೋ ಇರುವಾಗ ಅವರು ಬಜ್ಪೆಯಿಂದ ಡಕೋಟಾ ಹತ್ತಿ ಬೊಂಬಾಯಿಗೆ ಹೋದರು. ಗದ್ದೆ, ಗೇಣಿ ಎಂದು ಬದುಕಿದ ಮನೆತನದವರು, ಗತ್ತಿನ ಮನುಷ್ಯ. ಉಳಿದವರೆಲ್ಲ ಬಂದರಿನಿಂದ ಸ್ಟೀಮರಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಅವರಿಗೆ ವಿಮಾನವೇ ಆಗಬೇಕಿತ್ತಂತೆ. ಗೆಳೆಯನೊಬ್ಬನ ಹೋಟೆಲಿನಲ್ಲಿ ಪಾಲು ಸಿಗುತ್ತದೆ, ಒಂದು ನೆಲೆ ಕಂಡ ಮೇಲೆ ನಮ್ಮನ್ನೂ ಕರೆಸಿಕೊಳ್ಳುತ್ತೇನೆ ಎಂದು ಹೇಳಿದ್ದರು. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ನಿಂತಿತು. ಅಮ್ಮನ ತಮ್ಮ, ಎಂದರೆ ನನ್ನ ಮಾವ, ಬೊಂಬಾಯಿಗೆ ಹೋಗಿ ಹೋಟೆಲು ಹೋಟೆಲು ಅಲೆದು ಬಂದರು. ಒಬ್ಬರು ಏಡನ್‌ನಲ್ಲಿ ನೋಡಿದೆ ಎಂದರು, ಇನ್ನೊಬ್ಬರು ನೈರೋಬಿ ಎಂದರು. ಎಲ್ಲೂ ಇರಲಿಲ್ಲ.

ನನಗೆ ಅಪ್ಪನ ಮುಖ ನೆನಪಿಲ್ಲ. ಫೋಟೋದಲ್ಲಿರುವ ಮುಖವನ್ನೇ ಮುಖ ಎಂದುಕೊಂಡಿದ್ದೇನೆ. ನೆನಪಿರುವುದು ಬಜ್ಪೆಯ ತಂತಿಬೇಲಿ, ಕೆಂಪು ಧೂಳು, ಆ ಶಬ್ದ, ಮತ್ತು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ ಅಮ್ಮ. ಆಮೇಲೆ ಅಮ್ಮ ಒಮ್ಮೆಯೂ ವಿಮಾನ ನಿಲ್ದಾಣಕ್ಕೆ ಕಾಲಿಡಲಿಲ್ಲ. ಅರ್ಧ ಊರನ್ನು ವಿಮಾನ ಹತ್ತಿಸಿದ ನನಗೆ ನನ್ನ ಸ್ವಂತ ತಾಯಿಯನ್ನು ಹತ್ತಿಸಲು ಆಗಲಿಲ್ಲ.

ನಮ್ಮಲ್ಲಿ ಆಟಿ ತಿಂಗಳಿನಲ್ಲಿ ತೀರಿಕೊಂಡವರಿಗೆ ಬಡಿಸುವ ಕ್ರಮ ಇದೆ. ಹೊರಗೆ ಮಳೆ ಹುಯ್ಯುತ್ತಿರುವಾಗ ಒಳಗೆ ಸಾಲಾಗಿ ಬಾಳೆ ಎಲೆ ಹಾಕಿ, ಹೋದವರಿಗೆ ಇಷ್ಟವಾಗಿದ್ದ ಅಡುಗೆ ಬಡಿಸಿ, ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಅಡುಗೆ ಮಾಡುವಾಗ ರುಚಿ ನೋಡುವ ಹಾಗಿಲ್ಲ, ಅವರು ಉಂಡ ಮೇಲೆಯೇ, ಅದೇ ಎಲೆಗಳಲ್ಲಿ, ನಮಗೆ. ಕುದ್ರೋಳಿಯ ಮಾವನ ಮನೆಯಲ್ಲಿ ಪ್ರತಿ ವರ್ಷ ಇದು ನಡೆಯುತ್ತದೆ, ಪ್ರತಿ ವರ್ಷ ಅದೇ ಜಗಳವೂ ನಡೆಯುತ್ತಿತ್ತು. ಅಪ್ಪನ ಕಡೆಯಲ್ಲಿ ಯಾರೂ ಉಳಿದಿಲ್ಲ. ಅವರಿಗೆ ಎಲೆ ಹಾಕುವುದಾದರೆ ನಾವೇ ಹಾಕಬೇಕು.

"ಅಕ್ಕ, ಈ ಸಲವಾದ್ರೂ ಭಾವನಿಗೆ ಒಂದು ಎಲೆ ಹಾಕುವ. ಹಸಿದುಕೊಂಡು ತಿರುಗುವುದು ಬೇಡ," ಎಂದು ಮಾವ ಹೇಳುವುದು.

"ಬದುಕಿರುವವರಿಗೆ ಎಲೆ ಹಾಕ್ತಾರಾ? ನಿನಗೆ ಎಂತ ಆಗಿದೆ?" ಎಂದು ಅಮ್ಮ ರೇಗುವುದು.

ಒಂದು ವರ್ಷ ಮಾತು ಬೆಳೆದು, ನಾನೂ ಮಾವನ ಪಕ್ಷ ಸೇರಿ ಬಾಯಿ ಹಾಕಿದೆ. ಆಗ ಅಮ್ಮ ಎದ್ದು ನಿಂತು ಒಂದು ಮಾತು ಹೇಳಿದರು. "ಅವರನ್ನು ಕರ್ಕೊಂಡು ಹೋದ ವಿಮಾನ ವಾಪಸ್ ಬರ್ಲಿ. ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಬರುವುದನ್ನೂ ಕಣ್ಣಾರೆ ನೋಡ್ತೇನೆ. ಅದರಿಂದ ಅವರು ಇಳಿಯದಿದ್ರೆ ಎಲೆ ಹಾಕುವ. ಅಲ್ಲಿವರೆಗೆ ಈ ಮಾತು ಬೇಡ."

ಅಷ್ಟು ಹೊತ್ತಿಗೆ ಆ ವಿಮಾನಗಳೆಲ್ಲ ಗುಜರಿಗೆ ಹೋಗಿ ಕಾಲವಾಗಿತ್ತು. ಅದು ಅಮ್ಮನಿಗೂ ಗೊತ್ತಿತ್ತು. ಬರಲಾರದ್ದನ್ನು ಕೇಳಿ ಅವರು ಅಪ್ಪನನ್ನು ಭದ್ರ ಮಾಡಿಕೊಂಡಿದ್ದರು.

ಈಗ ಫೋನು ನಡುಗುವುದು ನಿಂತ ಮೇಲೆ ಅಮ್ಮ ನನ್ನ ಎದುರು ಕೂತರು. ದಂಟನ್ನು ಟೀಪಾಯಿಯ ಮೇಲಿಟ್ಟರು. "ಇದು ಇಲ್ಲಿಗೆ ಬರ್ತದಾ?" ಎಂದರು.

"ಇಲ್ಲಿಗಲ್ಲ ಅಮ್ಮ. ಶೂಟಿಂಗ್ ಇರುವುದು ಬಯಲುಸೀಮೆಯಲ್ಲಿ, ಒಂದು ಖಾಲಿ ರನ್‌ವೇಯಲ್ಲಿ. ಅದೂ ಹಾರಿ ಹೋಗುವುದನ್ನು ಮಾತ್ರ ತೆಗೆಯುವುದು. ಇಳಿಯುವ ಸೀನು ಅವರ ಕತೆಯಲ್ಲೇ ಇಲ್ಲ."

ಅಮ್ಮ ಟೀಪಾಯಿಯ ಮೇಲಿನ ದಂಟನ್ನು ಮತ್ತೆ ಕೈಗೆತ್ತಿಕೊಂಡು ಎಲೆ ಬಿಡಿಸಿದರು. ಆಮೇಲೆ, "ಇಲ್ಲಿಗೆ ತರಿಸು ಮಗಾ. ನನಗೂ ಸಾಕಾಯ್ತು. ನಾನು ಇರುವಾಗಲೇ ತರಿಸು," ಎಂದರು.

ಎಲೆ ಹಾಕುವ ಎಂದು ಮಾವನ ಪಕ್ಷ ಸೇರಿ ಹಟ ಮಾಡಿದವಳು ನಾನೇ. ಈಗ ಅಮ್ಮ ಸಾಕಾಯ್ತು ಎಂದಾಗ ಬೇಡ ಎನ್ನಲು ಹೊರಟವಳೂ ನಾನೇ. ವಿಮಾನ ಬಂದರೆ ಅಮ್ಮ ಅಪ್ಪನನ್ನು ಬಿಟ್ಟುಕೊಡಬೇಕು. ಬಾರದೆ ಹೋದರೆ, ಅಮ್ಮನ ನಂತರ ಕಾಯುವ ಕೆಲಸ ನನ್ನ ತಲೆಗೆ ಬೀಳುತ್ತದೆ. ನನ್ನ ನಂತರ ಕಾಯಲು ಯಾರೂ ಇಲ್ಲ.

ನಾನು ಮಾಡಿದ್ದು ಇಷ್ಟೆ. ಈಗಿನ ಜೆಟ್ ವಿಮಾನಗಳಿಗೆ ಹಾಕುವುದು ಸೀಮೆಎಣ್ಣೆಯ ಜಾತಿಯದ್ದು. ಡಕೋಟಾಕ್ಕೆ ಬೇಕಾದದ್ದು ವಿಮಾನದ ಪೆಟ್ರೋಲು, ಅದು ಎಲ್ಲ ಕಡೆ ಸಿಗುವುದಿಲ್ಲ, ಡ್ರಮ್ಮುಗಳಲ್ಲಿ ಮೊದಲೇ ತರಿಸಿ ಇಟ್ಟುಕೊಳ್ಳಬೇಕು. ಅದನ್ನು ಎಲ್ಲಿ ಇಳಿಸುವುದು ಎಂದು ತೀರ್ಮಾನಿಸುವುದು ನನ್ನ ಕೆಲಸ. ಲಾರಿಯವನಿಗೆ ಬಜ್ಪೆ ಎಂದು ಹೇಳಿದೆ. ಪೆಟ್ರೋಲು ಇರುವಲ್ಲಿಗೆ ವಿಮಾನ ಬರಲೇಬೇಕಲ್ಲ. ಮ್ಯಾನೇಜರಿಗೆ ವಿಷಯ ಗೊತ್ತಾಗಿ ಫೋನು ಬಂತು.

"ಮಂಗ್ಳೂರ್ ಯಾಕೆ ಮೇಡಂ? ದಾರೀಲೇ ಇಲ್ವಲ್ಲ!"

"ಪೆಟ್ರೋಲ್ ಮಂಗಳೂರಲ್ಲಿ ಉಂಟು."

"ಅದೇ ಕೇಳ್ತಿರೋದು, ಅಲ್ಲಿಗ್ಯಾಕೆ ಇಳಿಸಿದ್ರಿ?"

"ಇಳಿಸಿ ಆಯ್ತಲ್ಲ ಮಾರಾಯ್ರೆ. ಈಗ ಎಂತ ಮಾಡುವುದು, ಕುಡಿಯುವುದಾ?"

ಸುತ್ತು ಬಳಸಿ ಬರುವ ಖರ್ಚನ್ನು ನನ್ನ ಕಮಿಷನ್ನಿನಲ್ಲೇ ಮುರಿದುಕೊಳ್ಳಿ ಎಂದೆ. ಅವರು ಒಪ್ಪಿದರು. ಪರ್ಮಿಶನ್ನಿಗೆ ದಿಲ್ಲಿಯ ಯಾವ ಯಾವ ಮೇಜಿಗೆ ಎಷ್ಟು ಸಲ ಫೋನು ಮಾಡಿದೆನೋ, ಆ ಕಡೆಯವರಿಗೆ ನನ್ನ ಕೆಮ್ಮು ಕೇಳಿದರೂ ನಾನು ಯಾರೆಂದು ಗೊತ್ತಾಗುತ್ತಿತ್ತು. ಮುದುಕ ಪೈಲಟ್ ಮಾತ್ರ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಈಜಿಪ್ಟ್, ಮಸ್ಕತ್, ಅಹಮದಾಬಾದ್ ಎಂದು ನಿಧಾನಕ್ಕೆ ಹಾರಿಕೊಂಡು ಬಂದರು. ಅಹಮದಾಬಾದಿನಲ್ಲಿ ಇಂಜಿನಿಗೆ ಏನೋ ಆಗಿ ಒಂದು ದಿನ ನಿಂತರು. ಆ ದಿನ ನಾನು ಫೋನು ಮಾಡಿದವರ ಮೇಲೆಲ್ಲ ಹರಿಹಾಯ್ದೆ. ಅಮ್ಮ ಮಾತ್ರ ತಣ್ಣಗೆ, "ಇಷ್ಟು ಕಾದವರಿಗೆ ಒಂದು ದಿನ ಹೆಚ್ಚಾ?" ಎಂದರು.

ಬಜ್ಪೆಯಲ್ಲಿ ಹಳೆಯ ನಿಲ್ದಾಣದ ಬದಿಗೆ ವಿಮಾನ ನಿಲ್ಲಿಸುವುದೆಂದು ಆಗಿತ್ತು. ನಮ್ಮಿಬ್ಬರಿಗೆ ಪಾಸು ಮಾಡಿಸಿದೆ. ಅಮ್ಮ ನಿಲ್ದಾಣದವರು ಕೊಟ್ಟ ಗಾಲಿಕುರ್ಚಿಯಲ್ಲಿ ಕೂತರು, ಮಡಿಲಲ್ಲಿ ಚಹಾದ ಫ್ಲಾಸ್ಕು. ದೂರದಿಂದ ಬರುವವರಿಗೆ ಒಂದು ಲೋಟ ಚಹಾ ಕೊಡಬೇಡವಾ ಎಂದು ಅವರ ವಾದ. ಫೆಬ್ರುವರಿಯ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಬಡಗು ದಿಕ್ಕಿನಲ್ಲಿ ಮೊದಲು ಕಂಡದ್ದು ಒಂದು ಚುಕ್ಕೆ, ಆಮೇಲೆ ಶಬ್ದ. ಅಮ್ಮ ಕೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದರು. ಮುದಿ ಕೈ, ಆದರೆ ನೋಯುವಷ್ಟು ಬಿಗಿ.

ವಿಮಾನ ಇಳಿದು, ಉರುಳಿಕೊಂಡು ಬಂದು ನಮ್ಮ ಎದುರು ತಿರುಗಿ ನಿಂತಿತು. ಆ ಫ್ಯಾನಿನ ಗಾಳಿಗೆ ಅಮ್ಮನ ಸೆರಗು ಹಾರಿತು. ಡೈರೆಕ್ಟರ್ ಹೇಳಿದ್ದು ನಿಜ, ಅದು ಬೇರೆ ಯಾವುದರಲ್ಲೂ ಬರುವುದಿಲ್ಲ.

"ಇಷ್ಟು ಸಣ್ಣದಾ?" ಎಂದರು ಅಮ್ಮ. "ಆವತ್ತು ಎಷ್ಟು ದೊಡ್ಡದಿತ್ತು!"

ಫ್ಯಾನುಗಳು ನಿಂತವು. ಹಿಂದಿನ ಬಾಗಿಲು ತೆರೆದು ಏಣಿ ಬಂತು. ಮುದುಕ ಪೈಲಟ್ ಇಳಿದರು, ಅವರ ಹಿಂದೆ ಜೊತೆಯ ಪೈಲಟ್, ಅವರ ಹಿಂದೆ ಎಣ್ಣೆ ಮೆತ್ತಿದ ಬಟ್ಟೆಯ ಇಂಜಿನಿಯರ್. ಅಮ್ಮ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

"ಮತ್ತೆ?"

"ಅಷ್ಟೇ ಅಮ್ಮ. ಮತ್ತೆ ಯಾರೂ ಇಲ್ಲ."

"ನೀನು ಒಳಗೆ ಹೋಗಿ ನೋಡಿ ಬಾ."

ನನಗೆ ಪಿತ್ತ ನೆತ್ತಿಗೇರಿತು. "ಎಂತ ನೋಡುವುದು ಅಮ್ಮ? ಮಕ್ಕಳಾಟವಾ ಇದು? ಇದು ಆ ವಿಮಾನ ಅಲ್ಲವೇ ಅಲ್ಲ. ಬೇರೆ ದೇಶದ್ದು."

"ಗೊತ್ತುಂಟು. ನೋಡಿ ಬಾ ಅಂದೆ ಅಲ್ವಾ."

ಹೋದೆ. ಬಾಲ ತಗ್ಗಿಸಿ ಕೂತ ವಿಮಾನವಾದ್ದರಿಂದ ಒಳಗೆ ನೆಲ ಏರುದಾರಿ, ಗುಡ್ಡ ಹತ್ತಿದ ಹಾಗೆ ಹತ್ತಬೇಕು. ಎಣ್ಣೆಯ ವಾಸನೆ, ಬಿಸಿ ಲೋಹದ ವಾಸನೆ. ಶೂಟಿಂಗಿಗಾಗಿ ಸೀಟುಗಳಿಗೆ ಹೊಸ ಬಟ್ಟೆ ಹೊದಿಸಿದ್ದರು. ಎರಡು ನಿಮಿಷ ನಿಂತು ಇಳಿದು ಬರುವುದು ಎಂದುಕೊಂಡು ಹತ್ತಿದವಳು ನಾನು. ಆದರೆ ಒಳಗೆ ಹೋದ ಮೇಲೆ ಸೀಟು ಸೀಟು ನೋಡಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಪೈಲಟ್ ಕೂರುವಲ್ಲಿ ಇಣುಕಿದೆ, ಹಿಂದೆ ಬಂದು ಶೌಚದ ಬಾಗಿಲನ್ನೂ ತೆರೆದು ನೋಡಿದೆ. ನಾಚಿಕೆಯಾಗಲಿಲ್ಲ. ಮತ್ತೆ ಕಿಟಕಿಯ ಹತ್ತಿರ ಒಂದು ಸೀಟಿನಲ್ಲಿ ಕೂತೆ. ಅಲ್ಲಿಂದ ಅಮ್ಮ ಕಾಣುತ್ತಿದ್ದರು, ಬಿಸಿಲಿನಲ್ಲಿ, ಪುಟ್ಟದಾಗಿ. ಆವತ್ತು ಅಪ್ಪನಿಗೆ ನಾವು ಹೀಗೆಯೇ ಕಂಡಿರಬೇಕು. ಅವರು ನೋಡಿದರಾ, ಅಥವಾ ಆ ಹೊತ್ತಿಗೇ ಮುಖ ತಿರುಗಿಸಿದ್ದರಾ? ಅಷ್ಟು ವರ್ಷ ಸಿಟ್ಟು ಸಿಟ್ಟು ಎಂದು ಹೊತ್ತುಕೊಂಡು ತಿರುಗಿದ್ದು ಸಿಟ್ಟು ಮಾತ್ರ ಆಗಿರಲಿಲ್ಲ. ನನಗೆ ಅಪ್ಪ ಬೇಕಿತ್ತು. ಅರವತ್ತು ದಾಟಿದ ಮೇಲೆ, ಖಾಲಿ ವಿಮಾನದಲ್ಲಿ ಕೂತು, ನನಗೆ ಅಪ್ಪ ಬೇಕಿತ್ತು.

ಕೆಳಗಿಳಿದು ಬಂದಾಗ ಪೈಲಟ್ ಕೈಯಲ್ಲಿ ಚಹಾದ ಲೋಟ ಹಿಡಿದು ಅಮ್ಮನ ಪಕ್ಕದಲ್ಲಿ ನಿಂತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ.

"ಎಲ್ಲಾ ಕಡೆ ನೋಡಿದ್ಯಾ?" ಎಂದರು ಅಮ್ಮ.

"ನೋಡಿದೆ."

"ಇಲ್ವಾ?"

"ಇಲ್ಲ ಅಮ್ಮ."

ಅಮ್ಮ ತಲೆಯಾಡಿಸಿದರು. ನನ್ನ ಮುಖ ನೋಡಿದರು, ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಒರೆಸಿಕೋ. ಮನೆಗೆ ಹೋಗುವ," ಎಂದರು.

ವಿಮಾನ ಪೆಟ್ರೋಲು ತುಂಬಿಸಿಕೊಂಡು ಬಯಲುಸೀಮೆಗೆ ಹೋಯಿತು. ಶೂಟಿಂಗ್ ಆಯಿತು, ಮುದುಕ ಪೈಲಟ್ ಬಂದ ದಾರಿಯಲ್ಲೇ ಮನೆ ಮುಟ್ಟಿದರು. ಧಾರಾವಾಹಿಯಲ್ಲಿ ಅದು ಕಾಣುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಅಮ್ಮ ಅದನ್ನು ನೋಡಲು ಕೂರಲಿಲ್ಲ.

ಆಟಿ ಬಂತು. ಕುದ್ರೋಳಿಯ ಮನೆಗೆ ನಾವು ಬೆಳಗ್ಗೆಯೇ ಹೋದೆವು. ಮಾವ ಎಲೆಗಳನ್ನು ಎಣಿಸುವಾಗ ಒಂದು ಹೆಚ್ಚು ತೆಗೆದಿಟ್ಟರು. ಒಲೆಯ ಹತ್ತಿರ ನಾನು ಸೆರಗು ಸಿಕ್ಕಿಸಿ ನಿಂತು, ಅಜ್ಜನಿಗೆ ಕೋಳಿ, ಅಜ್ಜಿಗೆ ಪತ್ರೊಡೆ ಎಂದು ಒಂದೊಂದೇ ಮಾಡಿ ಮುಗಿಸಿ ಅಮ್ಮನನ್ನು ಕೇಳಿದೆ.

"ಅಪ್ಪನಿಗೆ ಎಂತ ಇಷ್ಟ ಇತ್ತು?"

ಅಮ್ಮ ಬಾಯಿ ತೆರೆದರು. ಹೇಳಲು ಹೊರಟು ನಿಂತರು. ಕೋಳಿಯಾ ಎಂದು ನಾನು ಕೇಳಿದೆ, ಮೀನಾ ಎಂದು ಕೇಳಿದೆ. ಅವರು ಗೋಡೆಯನ್ನು ನೋಡುತ್ತಾ, ಕೈಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಕೂತರು. ಅಷ್ಟು ವರ್ಷ ಕಾದ ಮನುಷ್ಯನ ಜೊತೆ ಅವರು ಸಂಸಾರ ಮಾಡಿದ್ದು ಎಷ್ಟು ಕಾಲ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

"ನೆನಪಾಗುದಿಲ್ಲ ಮಗಾ," ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಎಂತ ಮಾಡಿದ್ರೂ ನೆನಪಾಗುದಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು ಹೇಳಿದರು. "ನಿನಗೆ ಎಂತ ಇಷ್ಟವೋ ಅದನ್ನು ಮಾಡು. ನಿನ್ನ ಹಟ ಅವರದ್ದು, ಸಿಟ್ಟು ಅವರದ್ದು. ನಾಲಗೆಯೂ ಅವರದ್ದೇ ಇದ್ದೀತು."

ಒಣ ಸಿಗಡಿ ಹುರಿದು, ಹುಣಸೆ, ಕಾಯಿ, ಒಣಮೆಣಸು ಧಾರಾಳ ಹಾಕಿ ಚಟ್ನಿ ಮಾಡಿದೆ. ಕುಚ್ಚಲಕ್ಕಿ ಅನ್ನದ ಬದಿಯಲ್ಲಿ ಅದನ್ನು ಬಡಿಸಿದೆ. ಬಾಗಿಲು ಎಳೆದು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತೆವು. ಅವರು ಉಂಡು ಮುಗಿಸುವಷ್ಟು ಹೊತ್ತು ಕಾದೆವು. ಮಾವ ಎದ್ದು, ಕೆಮ್ಮಿ, ಬಾಗಿಲು ತೆರೆದರು. ಭಾವನ ಎಲೆಗೆ ಯಾರು ಕೂರುವುದು ಎಂದು ಅವರು ಕೇಳಿದಾಗ ನಾನೇ ಹೋಗಿ ಕೂತೆ. ಚಟ್ನಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು, ಖಾರ ಸರಿಯಾಗಿತ್ತು. ಒಂದು ಅಗಳೂ ಬಿಡದೆ ಉಂಡೆ. ಅಪ್ಪನ ಜೊತೆ ಕೂತು ಊಟ ಮಾಡಿದ್ದು ಎಂದು ನನಗೆ ನೆನಪಿರುವುದು ಅದೊಂದೇ.